ಸಮುರಾಯ್‌ಗೆ ಏಕವಚನ

ಹೋದ ತಿಂಗಳು ಒಬ್ಬ ಸಮುರಾಯ್‌ನನ್ನು ಎರಡು ದಿನ ಹೊಸ್ತಿಲ ಮುಂದೆ ಮಂಡಿಯೂರಿ ಕೂರಿಸಿದ್ದೆ. ಬಾಗಿಲು ತೆರೆದ ಹೆಂಗಸಿನ ಬಾಯಿಗೆ ಯಾವ ಮಾತು ಹಾಕಬೇಕು ಅಂತ ಗೊತ್ತಾಗಲಿಲ್ಲ, ಅಷ್ಟೇ.

ಗಾಬರಿಯಾಗಬೇಡಿ. ನನ್ನ ಕಸುಬೇ ಅದು, ಡಬ್ಬಿಂಗ್‌ಗೆ ಸಂಭಾಷಣೆ ಬರೆಯೋದು. ಈ ಸಲ ಸಿಕ್ಕಿದ್ದು ಜಪಾನಿನ ಒಂದು ಅನಿಮೇಷನ್ ಸೀರೀಸ್. ಸಮುರಾಯ್ ಕಾಮಿಕ್ಸ್ ಪುಸ್ತಕವೊಂದನ್ನು ಟೀವಿಗೆ ತಂದಿದ್ದಾರೆ. ಕತ್ತಿ, ಕುದುರೆ, ಹಿಮ, ರಕ್ತ ಎಲ್ಲ ಇದೆ. ಜಪಾನಿಯಲ್ಲೂ ನಮ್ಮ ಹಾಗೇ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಹಾಗಾಗಿ ತುಟಿಗೆ ಮಾತು ಕೂರಿಸೋದು ಅಂಥಾ ಕಷ್ಟವಲ್ಲ. ಆರು ಎಪಿಸೋಡ್ ಸಲೀಸಾಗಿ ಬರೆದು ಬಿಸಾಕಿದ್ದೆ. ನಾನು ಈ ಕೆಲಸದಲ್ಲಿ ಗಟ್ಟಿ (ನಾನೇ ಹೇಳಿಕೊಳ್ಳದಿದ್ದರೆ ಇನ್ಯಾರು ಹೇಳ್ತಾರೆ?).

ಏಳನೇ ಎಪಿಸೋಡಿನಲ್ಲಿ ಸಿಕ್ಕಿಬಿದ್ದೆ.

ಕಥೆ ಇಷ್ಟು. ಯುದ್ಧದ ವೇಳೆ ಈ ಸಮುರಾಯ್ ತನ್ನ ಕೈಕೆಳಗಿನ ಒಬ್ಬ ರೈತನನ್ನು ತುಂಬಿದ ಹೊಳೆ ದಾಟಲು ಕಳಿಸುತ್ತಾನೆ. ಆಗಲ್ಲ ಅಂದರೂ ಕಳಿಸುತ್ತಾನೆ. ರೈತ ವಾಪಸ್ ಬರುವುದಿಲ್ಲ. ಯುದ್ಧ ಮುಗಿದ ಮೇಲೆ ಆ ರೈತನ ಹೆಂಡತಿಯ ಮನೆ ಹುಡುಕಿಕೊಂಡು ಬಂದು, ಕತ್ತಿ ನೆಲಕ್ಕಿಟ್ಟು, ತಲೆ ತಗ್ಗಿಸಿ ಕೂರುತ್ತಾನೆ. ಅವಳು ಕ್ಷಮಿಸುವುದಿಲ್ಲ. ಆದರೆ ಒಳಗೆ ಬಂದು ಊಟ ಮಾಡಲು ಹೇಳುತ್ತಾಳೆ.

ನನಗೆ ಕೊಟ್ಟಿದ್ದು ಇಂಗ್ಲಿಷ್ ಸ್ಕ್ರಿಪ್ಟು. ಅದರಲ್ಲಿ ನೀನೂ ಒಂದೇ, ನೀವೂ ಒಂದೇ. ಅವನು ಕತ್ತಿ ಹಿಡಿದ ದೊಡ್ಡ ಮನುಷ್ಯ, ಇವಳು ಬಡ ಹೆಂಗಸು ಅಂತ ಬಹುವಚನ ಹಾಕಿದೆ. "ನಿಮ್ಮನ್ನು ನಾನು ಕ್ಷಮಿಸಲಾರೆ. ಆದರೂ ಒಳಗೆ ಬಂದು ಊಟ ಮಾಡಿ."

ವೈಟ್‌ಫೀಲ್ಡ್ ಸ್ಟುಡಿಯೋದಿಂದ ಡಬ್ಬಿಂಗ್ ಡೈರೆಕ್ಟರ್ ಪ್ರಶಾಂತ್ ಫೋನ್ ಮಾಡಿದ. "ಮೇಡಂ, ಲಿಪ್ ಕರೆಕ್ಟಾಗಿ ಕೂರ್ತಿದೆ. ಆದ್ರೆ ಅವ್ಳು ಮಾತಾಡ್ತಾ ಇಲ್ಲ. ಸ್ವಾಗತ ಭಾಷಣ ಮಾಡ್ತಿದಾಳೆ."

ಸಿಟ್ಟು ಬಂತು. ಅವನು ಹೇಳಿದ್ದು ನಿಜ ಅಂತ ಗೊತ್ತಿದ್ದರಿಂದ ಇನ್ನೂ ಜಾಸ್ತಿ ಬಂತು.

ಮಾರನೇ ಬೆಳಗ್ಗೆ ಅದೇ ದೃಶ್ಯವನ್ನು ಲ್ಯಾಪ್‌ಟಾಪಿನಲ್ಲಿ ಹಾಕಿ ಹಾಕಿ ನೋಡ್ತಿದ್ದೆ. ವರ್ತೂರಿನ ನಮ್ಮ ಫ್ಲ್ಯಾಟಿನಲ್ಲಿ ಗಾಳಿ ಬೇಕಾದರೆ ಮುಂಬಾಗಿಲು ತೆಗೆದಿಡಬೇಕು (ಆ ನಾರುವ ಕೆರೆ ಕಡೆಯ ಕಿಟಕಿ ತೆಗೆಯುವ ಧೈರ್ಯ ಯಾರಿಗಿದೆ?). ಕಾರಿಡಾರ್ ಒರೆಸುತ್ತಿದ್ದ ದೇವಕ್ಕ ಬಾಗಿಲಲ್ಲಿ ನಿಂತು ನೋಡಿದಳು. ಯಾದಗಿರಿ ಕಡೆಯವಳು, ನಮ್ಮ ಬ್ಲಾಕಿನ ಹೌಸ್‌ಕೀಪಿಂಗ್ ಅವಳದ್ದೇ. ನಾನು ಅವಳಿಗೆ ನೀನು ಅನ್ನುತ್ತೇನೆ. ಅವಳು ನನಗೆ ಅಕ್ಕಾರ ಅನ್ನುತ್ತಾಳೆ.

"ಅಂವ ಯಾಕ ಹಂಗ ಕುಂತಾನ್ರಿ?"

ಕಥೆ ಹೇಳಿದೆ. ನಾನು ಬರೆದ ಮಾತನ್ನೂ ಓದಿದೆ.

"ಹಂಗ ಯಾರ ಅಂತಾರ ಅಕ್ಕಾರ? ಗಂಡನ್ನ ಕಳಕೊಂಡಾಕಿ ಅವಗ ರೀ ಹಚ್ಚಿ ಮಾತಾಡ್ತಾಳೇನು?"

"ಮತ್ತೆ ಹೇಗೆ ಅಂತಾಳೆ?"

ದೇವಕ್ಕ ಒರೆಸುವ ಕೋಲನ್ನು ಗೋಡೆಗೆ ಒರಗಿಸಿದಳು. ಅವಳ ಗಂಡ ಕಟ್ಟಡದ ಕೆಲಸದಲ್ಲಿ ತೀರಿಕೊಂಡಿದ್ದು ನನಗೆ ಗೊತ್ತಿತ್ತು. ಹೇಗೆ ಅಂತ ನಾನು ಯಾವತ್ತೂ ಕೇಳಿರಲಿಲ್ಲ.

"ಮಳಿ ಬಂದು ಹಲಗಿ ಎಲ್ಲಾ ತೊಯ್ದಿದ್ವು. ನಮ್ಮವ ಒಲ್ಲೆ ಅಂದ. ಮೇಸ್ತ್ರಿ ಏರು ಅಂದ." ಬಿದ್ದದ್ದನ್ನು ಅವಳು ಹೇಳಲಿಲ್ಲ. "ಒಂಬತ್ತನೇ ದಿನಕ್ಕ ಮೇಸ್ತ್ರಿ ಬಂದು ನಮ್ಮ ಶೆಡ್ಡಿನ ಬಾಗಲ್ದಾಗ ಕುಂತ. ಬಾಯೇ ಬಿಡವಲ್ಲ."

"ನೀನೇನಂದೆ?"

"ಏಳು ಮ್ಯಾಲೆ ಅಂದೆ. ನಿನಗ ಮಾಫಿ ಕೊಡ್ಲಾಕ ನನ್ನ ಕಡಿ ಏನೂ ಉಳದಿಲ್ಲ. ರೊಟ್ಟಿ ಅದ, ತಿಂದು ಹೋಗು ಅಂದೆ."

"ತಿಂದನಾ?"

"ಅಳಕೋತ ತಿಂದ. ಅಂವ ತಿನ್ನೂತನಕ ನಾ ಎದ್ದು ಹೋಗಲಿಲ್ಲ. ಮುಂದೇ ಕುಂತಿದ್ದೆ."

ಬಕೆಟ್ ಎತ್ತಿಕೊಂಡು ಮೇಲಿನ ಮಹಡಿಗೆ ಹೋದಳು. ನಾನೇನು ಮಾಡಿದೆ ಗೊತ್ತಾ? ಮೆಟ್ಟಿಲ ಮೇಲೆ ಅವಳ ಹೆಜ್ಜೆ ಸಪ್ಪಳ ನಿಲ್ಲುವ ಮೊದಲೇ ಆ ಮಾತಷ್ಟನ್ನೂ ಟೈಪ್ ಮಾಡಿ (ರೊಟ್ಟಿ ಇದ್ದಲ್ಲಿ ಅನ್ನ ಹಾಕಿ) ಪ್ರಶಾಂತ್‌ಗೆ ಕಳಿಸಿದೆ. ಹತ್ತು ನಿಮಿಷಕ್ಕೆ ಅವನ ಫೋನು. "ಸಕ್ಕತ್ತಾಗಿದೆ ಮೇಡಂ. ಹೇಗೆ ಹೊಳೀತು?"

"ಹೊಳೀತು ಕಣೋ," ಅಂದೆ. ನಾಚಿಕೆಯಿಲ್ಲದೆ.

ಅವತ್ತು ಊಟ ಸೇರಲಿಲ್ಲ. ಬೆಳಗ್ಗೆ ದೇವಕ್ಕ ಬಂದಾಗ ಹೇಳಿಬಿಟ್ಟೆ. "ನಿನ್ನ ಮಾತು ನಿನ್ನ ಕೇಳದೆ ತಗೊಂಡಿದೀನಿ. ಬೇಡ ಅಂದ್ರೆ ತೆಗೆದುಬಿಡ್ತೀನಿ."

"ಮೇಸ್ತ್ರಿ ಹೆಸರು ಬರ್ತದೇನು?"

"ಇಲ್ಲ."

"ಅದನ್ನ ಯಾರು ಮಾತಾಡ್ತಾರ?"

"ಒಬ್ಬರು ಕಲಾವಿದೆ ಇದಾರೆ."

"ಬ್ಯಾಡ್ರಿ," ಅಂದಳು. "ಬ್ಯಾರೆಯವರ ಬಾಯಾಗ ಬ್ಯಾಡ. ನಾನೇ ಅಂತೀನಿ."

ಪ್ರಶಾಂತ್ ಒಪ್ಪಲಿಲ್ಲ. ಮೈಕ್ ಮುಂದೆ ನಿಂತ ಅನುಭವ ಇಲ್ಲ, ಟೈಮ್ ಹಾಳು ಅಂದ. ಆ ಮಾತು ನನಗೆ ಹೊಳೆದದ್ದಲ್ಲ, ಯಾರದ್ದು ಅಂತ ಪೂರ್ತಿ ಹೇಳಿದೆ. "ಕರ್ಕೊಂಡ್ ಬನ್ನಿ," ಅಂದ.

ಅವಳ ವಾರದ ರಜೆಯ ದಿನ ಹೋದೆವು. ಗಾಜಿನ ರೂಮು, ಕಿವಿಗೆ ಹೆಡ್‌ಫೋನು. ಮೊದಲ ಟೇಕಿನಲ್ಲಿ ದೇವಕ್ಕ ಏನಂದಳು ಹೇಳಿ? "ಮೇಲಕ್ಕೆ ಏಳಿರಿ." ಮೈಕ್ ಮುಂದೆ ಶುದ್ಧ ಕನ್ನಡ ಮಾತಾಡಬೇಕು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿಯೂ ಇಲ್ಲ ನೋಡಿ. ನಾವೆಲ್ಲ ಸೇರಿ ಅದನ್ನು ಮೊದಲೇ ಕಲಿಸಿಟ್ಟಿದ್ದೇವೆ.

ಎರಡನೆಯದೂ ಹಾಗೇ ಆಯಿತು. ಆಮೇಲೆ ಹೆಡ್‌ಫೋನ್ ತೆಗೆದಿಟ್ಟಳು. "ಅವನ ಮಾರಿ ದೊಡ್ಡದು ಮಾಡ್ರಿ."

ಪ್ರಶಾಂತ್ ಸ್ಕ್ರೀನ್ ತುಂಬ ಸಮುರಾಯ್‌ನ ಮುಖ ಹಾಕಿದ. ಅವಳು ಅವನನ್ನು ನೋಡಿದಳು. ಅವಸರವೇ ಇರಲಿಲ್ಲ ಅವಳಿಗೆ. ಆಮೇಲೆ ಹೇಳಿದಳು. ದನಿ ಏರಿಸಲಿಲ್ಲ, ಅಳಲಿಲ್ಲ.

ಮಾತು ತುಟಿಗಿಂತ ಉದ್ದವಾಯಿತು. ಪ್ರಶಾಂತ್ ಕತ್ತರಿಸಲಿಲ್ಲ. "ತಿಂದು ಹೋಗು" ಅನ್ನುವಷ್ಟರಲ್ಲಿ ಚಿತ್ರದಲ್ಲಿ ಅವನ ಬಾಗಿದ ಕತ್ತು ಬರುತ್ತದೆ. ಮಾತು ಅದರ ಮೇಲೇ ಬೀಳಲಿ ಅಂತ ಬಿಟ್ಟ.

ಚಾನೆಲ್‌ನಿಂದ ಮೇಲ್ ಬಂತು. ಭಾಷೆ ತೀರಾ ಗ್ರಾಮ್ಯ, ಸಮುರಾಯ್‌ಗೆ ಏಕವಚನ ಸರಿಯಲ್ಲ, ತಿದ್ದಿ ಕಳಿಸಿ. ನಾನು ತಿದ್ದಲಿಲ್ಲ. ಗೌರವ ಕೇಳಲು ಬಂದವನಲ್ಲ ಅವನು, ಆ ಬಾಗಿಲಲ್ಲಿ ದೊಡ್ಡವಳು ಅವಳೇ, ಇದು ಬೇಡ ಅಂದರೆ ಕೊನೆಯ ಪಟ್ಟಿಯಲ್ಲಿ ಸಂಭಾಷಣೆ ಅಂತ ನನ್ನ ಹೆಸರೂ ಬೇಡ ಅಂತ ಬರೆದೆ. ಎರಡು ದಿನ ಉತ್ತರವಿಲ್ಲ. ಮೂರನೇ ದಿನ ಓಕೆ ಬಂತು.

ಎಪಿಸೋಡ್ ಬಂದ ಸಂಜೆ ದೇವಕ್ಕ ನಮ್ಮನೆಯ ಸೋಫಾದ ಮೇಲೆ ಕೂತು ನೋಡಿದಳು. ತನ್ನ ಮಾತು ಬಂದಾಗ ಮುಖ ಅಲ್ಲಾಡಲಿಲ್ಲ. ಆದರೆ ನಾನು ಆಫ್ ಮಾಡಲು ರಿಮೋಟ್ ತಗೊಂಡಾಗ ಕೈ ಹಿಡಿದಳು. "ತಡೀರಿ. ಅಂವ ಉಣ್ಣಲಿ." ಸಮುರಾಯ್ ಅನ್ನದ ಬಟ್ಟಲು ಖಾಲಿ ಮಾಡುವವರೆಗೆ ನೋಡಿ, ಕಣ್ಣೊರೆಸಿಕೊಂಡು ಎದ್ದಳು.

ಕೊನೆಯಲ್ಲಿ ಕಲಾವಿದರ ಪಟ್ಟಿಯಲ್ಲಿ ಅವಳ ಹೆಸರಿತ್ತು. ಅದರ ಫೋಟೋ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗ್ರೂಪಿಗೆ ಹೋಯಿತು (ಕಳಿಸಿದ್ದು ನಾನೇ). ಮರುದಿನ ನಾನೂ ದೇವಕ್ಕನೂ ಲಿಫ್ಟಿನಲ್ಲಿದ್ದಾಗ ಎರಡನೇ ಮಹಡಿಯ ಯಜಮಾನರೊಬ್ಬರು ಕೈ ಮುಗಿದರು. "ದೇವಕ್ಕನವರೇ, ಬಹಳ ಚೆನ್ನಾಗಿ ಮಾತಾಡಿದೀರಿ."

ದೇವಕ್ಕನೂ ಕೈ ಮುಗಿದಳು. ಆಮೇಲೆ ಮೆಲ್ಲಗೆ ಕೇಳಿದಳು:

"ಮೊನ್ನಿತನಕ ನನ್ನ ಏನಂತ ಕರೀತಿದ್ರಿ ಸಾರ್?"