ಆಕೆ ತಿದ್ದಿದ ಮೂಗು

1994ರಲ್ಲಿ, ಎಂಟನೇ ಕ್ಲಾಸು ಮುಗಿಯುವ ಮೊದಲೇ, ನಾನು ಓದು ಬಿಟ್ಟೆ. ಆಮೇಲೆ ಕಲಿತದ್ದೆಲ್ಲ ಕಲ್ಲಿನಿಂದ. ಕಲ್ಲಿನದು ತೆಗೆಯುವ ಕೆಲಸ. ಉಳಿ ಒಂದು ಚೂರು ಹೆಚ್ಚು ತೆಗೆದರೂ ಮತ್ತೆ ಅಂಟಿಸಲಾಗದು. ಮಣ್ಣಿನದು ಮೆತ್ತುವ ಕೆಲಸ, ತಪ್ಪಿದರೆ ಕಿತ್ತು ಮತ್ತೆ ಮೆತ್ತಬಹುದು. ಅದಕ್ಕೇ ಅದು ನನಗೆ ಮಕ್ಕಳಾಟದಂತೆ ಕಂಡಿತ್ತು.

ನಾಲ್ಕು ವರ್ಷದ ಹಿಂದೆ ಜಾಲಹಳ್ಳಿಯ ಒಬ್ಬ ತಾಯಿ ಶೆಟ್ಟಿಹಳ್ಳಿಯ ನಮ್ಮ ಶೆಡ್ಡಿಗೆ ಬಂದರು. ತೀರಿಹೋದ ಗಂಡನ ಎದೆಮಟ್ಟದ ಪ್ರತಿಮೆ ಬೇಕಿತ್ತು. ಧಾರವಾಡದ ಕಡೆಯಿಂದ ಕಾರ್ಖಾನೆ ಕೆಲಸಕ್ಕೆ ಬಂದು ಇಲ್ಲೇ ನೆಲೆಸಿದವರು. ಇದ್ದ ಫೋಟೊಗಳೆಲ್ಲ ಎದುರಿನಿಂದ ತೆಗೆದವು. ಪಕ್ಕದಿಂದ ಆ ಮುಖ ಹೇಗಿತ್ತೆಂಬುದು ಆಕೆಯ ನೆನಪಿನಲ್ಲಿ ಮಾತ್ರ ಇತ್ತು.

ಮೊದಲು ಜೇಡಿಮಣ್ಣಿನಲ್ಲಿ ಮಾಡಿ, ಅದರ ಮೇಲೆ ಪ್ಲಾಸ್ಟರಿನ ಅಚ್ಚು ತೆಗೆದು, ಅಚ್ಚಿನೊಳಗೆ ಫೈಬರ್ ತುಂಬಬೇಕು. ಮಣ್ಣಿನ ತೂಕ ಹೊರಲು ಒಳಗೆ ಕಂಬಿ ಬೇಕು. ನಾನು ಒಂದೇ ಒಂದು ಕಂಬಿ ನೆಟ್ಟಿದ್ದೆ. ಶೆಡ್ಡಿನ ಅರ್ಧಭಾಗ ಬಾಡಿಗೆಗೆ ಹಿಡಿದಿದ್ದ, ಕಲಾ ಕಾಲೇಜಿನಲ್ಲಿ ಓದಿದ್ದ ಗೆಳೆಯ ಅದನ್ನು ನೋಡಿದ.

“ಗುರು, ಇಷ್ಟೇ ಸಾಕಾಗಲ್ಲ. ಅಡ್ಡಡ್ಡ ಮರದ ತುಂಡು ಕಟ್ಟು. ಮಣ್ಣಿಗೆ ಹಿಡಿತ ಬೇಕು ಕಣೋ, ಇಲ್ಲಾಂದ್ರೆ ಜಾರ್ಬಿಡುತ್ತೆ.”

“ಕಲ್ಲಲ್ಲಿ ಆನೆ ಕೆತ್ತಿದೋನಿಗೆ ಮಣ್ಣು ಮೆತ್ತೋದ್ ಹೇಳ್ಕೊಡ್ತೀಯಾ? ಹೋಗ್ ಮಗಾ, ನಿನ್ ಸರ್ಟಿಫಿಕೇಟ್‌ಗೆ ಫ್ರೇಮ್ ಹಾಕ್ಸು.”

ಅವನು ನಕ್ಕು ತನ್ನ ಕೆಲಸಕ್ಕೆ ಮರಳಿದ.

ಹತ್ತನೇ ದಿನ ಆಕೆ ಬಂದು ಮಣ್ಣಿನ ಮುಖದ ಸುತ್ತ ಎರಡು ಸಲ ನಡೆದರು. “ಮೂಗು ಹಿಂಗಿರಲಿಲ್ಲಪಾ. ಇಲ್ಲಿ ಸ್ವಲ್ಪ ಉಬ್ಬಿತ್ತು. ನಾ ಮುಟ್ಟಲೇನು?”

ಚಿಟಿಕೆ ಮಣ್ಣು ಇಟ್ಟು ಹೆಬ್ಬೆರಳಿನಿಂದ ಒತ್ತಿದರು. ಹಿಂದೆ ಸರಿದು ನೋಡಿದರು. ಮತ್ತೆ ಒತ್ತಿದರು. “ಈಗ ಬಂದ್ರು ನೋಡಪಾ ನಮ್ಮ ಮನಿಯವರು” ಎಂದರು. ನನಗೂ ಕಂಡಿತು, ಮುಖಕ್ಕೆ ಜೀವ ಬಂದದ್ದು ಆ ಉಬ್ಬಿನಿಂದಲೇ. ಒದ್ದೆ ಬಟ್ಟೆ ಹೊದಿಸಿಟ್ಟೆ.

ಮರುದಿನ ಆಕೆಯ ಎದುರಿಗೇ ಬಟ್ಟೆ ತೆಗೆದೆ. ಮುಖ ಕಂಬಿಯಿಂದ ಜಾರಿ ಎದೆಯ ಮೇಲೆ ಕುಸಿದಿತ್ತು. ಮೂಗು ಚಪ್ಪಟೆಯಾಗಿತ್ತು.

ತಪ್ಪು ಯಾರದೆಂದು ನನಗೆ ಗೊತ್ತಿತ್ತು. ಆದರೆ ಗೆಳೆಯ ಅಲ್ಲೇ ನಿಂತಿದ್ದ. “ನೀವು ನಿನ್ನೆ ಒತ್ತಿದ್ರಲ್ಲಮ್ಮ, ಅದಕ್ಕೇ ಹಿಂಗಾಗಿರೋದು. ಹಸಿ ಮಣ್ಣನ್ನ ಗೊತ್ತಿಲ್ದೋರು ಮುಟ್ಬಾರ್ದು” ಎಂದುಬಿಟ್ಟೆ.

ಆಕೆ ನಂಬಿದರು. ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು, “ನನ್ನಿಂದ ತಪ್ಪಾತಪಾ” ಎಂದರು. ಗೆಳೆಯ ಹೊರಗೆ ಹೋದ.

ಎರಡನೇ ಸಲ, ಅವನಿಲ್ಲದ ಹೊತ್ತು ನೋಡಿ, ಅವನು ಹೇಳಿದಂತೆಯೇ ಅಡ್ಡ ತುಂಡುಗಳನ್ನು ಕಟ್ಟಿದೆ. ಮುಖ ನಿಂತಿತು. ಆ ಉಬ್ಬನ್ನು ಮೂರು ದಿನ ಹುಡುಕಿದೆ, ನನ್ನ ಕೈಗೆ ಸಿಗಲಿಲ್ಲ. ಆಕೆ ಬಂದು ದೂರವೇ ನಿಂತರು.

“ಮೂಗು ನೀವೇ ಒಂದ್ಸಲ ತೋರಿಸ್ಕೊಡಿ ಅಮ್ಮ.”

“ಬ್ಯಾಡಪಾ, ಮತ್ತ ಬಿದ್ದೀತು. ಛಲೋ ಆಗೇದ, ಬಿಡು.”

ಛಲೋ ಆಗಿರಲಿಲ್ಲ. ಇಬ್ಬರಿಗೂ ಗೊತ್ತಿತ್ತು. ಆಗಲಾದರೂ ನಿಜ ಹೇಳಿದ್ದರೆ ಆಕೆ ಮುಟ್ಟುತ್ತಿದ್ದರು. ನಾನು ಹೇಳಲಿಲ್ಲ. ಮರುದಿನ ಅಚ್ಚು ತೆಗೆದೆ.

ಆ ಮೂಗಿನ ಪ್ರತಿಮೆಗೇ ಅವರು ದಿನಾ ಹೂ ಇಡುತ್ತಾರಂತೆ. ಅವರ ಬೀದಿಯಿಂದ ಕೆಲಸ ಬಂದರೆ ಬಿಡುವಿಲ್ಲ ಎನ್ನುತ್ತೇನೆ. ಗೆಳೆಯ ಆ ವರ್ಷವೇ ಬೇರೆ ಜಾಗಕ್ಕೆ ಹೋದ.

ಈಗ ನನಗೆ ಪೂರ್ತಿ ಶೆಡ್ಡು ಒಂದು, ಕಟಿಂಗ್ ಮಷೀನು ಎರಡು, ಕೆಲಸಗಾರರು ಮೂವರು, ಉಳಿಗಳು ನಲವತ್ತೊಂದು.