ಲಾಂಚಿನ ಎಡಬದಿಯಲ್ಲಿ ಹುಲಿ

ನಾನು ಮೊದಲಿನಿಂದಲೂ ಪುಕ್ಕಲ. ಬಾತ್‌ರೂಮಿನ ಗೀಸರಿನ ಸ್ವಿಚ್ಚನ್ನೂ ಚಪ್ಪಲಿ ಹಾಕಿಕೊಂಡೇ ಒತ್ತುವವನು. ಕೋಲ್ಕತ್ತಕ್ಕೆ ವರ್ಗವಾಗಿ ಬಂದು ಆರು ವರ್ಷವಾದರೂ, ಗರಿಯಾಹಾಟಿನ ಶೇರ್ ಆಟೋಗಳಲ್ಲಿ ಚಾಲಕನ ಪಕ್ಕದ ಸೀಟೇ ಸಿಕ್ಕರೆ ಹತ್ತದೆ ನಡೆದುಬಿಡುತ್ತೇನೆ. ಅಂಥವನನ್ನು ಎಂಟು ವರ್ಷದ ಮಗಳು ಸುಂದರಬನದ ರಾಷ್ಟ್ರೀಯ ಉದ್ಯಾನಕ್ಕೆ ಎಳೆದುಕೊಂಡು ಹೋದಳು. ಹುಟ್ಟುಹಬ್ಬಕ್ಕೆ ಅವಳು ಕೇಳಿದ್ದು ಒಂದೇ, ಕಾಡಿನ ಹುಲಿ ನೋಡಬೇಕು. ಝೂನಲ್ಲಿರುವುದು ಬೇಡವಂತೆ.

ಲಾಂಚಿನಲ್ಲಿ ಮೂವತ್ತು ಮಂದಿ ಇದ್ದೆವು. ನೀರಿನಲ್ಲಿ ಮೊಸಳೆಗಳಿವೆ, ಹುಲಿಯೂ ಈಜುತ್ತದೆ, ಕೈ ಹೊರಗೆ ಚಾಚಬೇಡಿ ಎಂದು ಗೈಡ್ ಹಿಂದಿಯಲ್ಲಿ ಹೇಳಿದಾಗಲೇ ನಾನು ನಡುವಿನ ಕಂಬ ಹಿಡಿದುಕೊಂಡೆ. ನನಗೆ ಈಜು ಬಾರದು. ಮಗಳು ಮಾತ್ರ ರೇಲಿಂಗ್ ಬಿಟ್ಟು ಅಲುಗಲಿಲ್ಲ, ಬುತ್ತಿಯ ಇಡ್ಲಿಯನ್ನೂ ಅಲ್ಲೇ ನಿಂತು ತಿಂದಳು.

"ಅಪ್ಪಾ, ಬಾಘ್ ಬರತ್ತಲ್ವಾ? ಪಕ್ಕಾ?"

"ಬರತ್ತೆ ಪುಟ್ಟಿ" ಎಂದೆ. ಒಳಗೊಳಗೇ, ಬಾರದಿರಲಪ್ಪಾ ದೇವರೇ ಎಂದು ಬೇಡಿಕೊಳ್ಳುತ್ತಿದ್ದೆ.

"ನಿಮ್ಮ ಮುಖ ನೋಡಿದ್ರೆ ಹುಲೀನೇ ಹೆದರಿ ಓಡುತ್ತೆ. ಸ್ವಲ್ಪ ನಗ್ರೀ" ಎಂದಳು ಹೆಂಡತಿ.

ಎರಡನೆಯ ದಿನ ಮಧ್ಯಾಹ್ನ ಯಾರೋ "ಬಾಘ್!" ಎಂದು ಕಿರುಚಿದರು. ಇದ್ದವರೆಲ್ಲ ಎಡಬದಿಗೆ ನುಗ್ಗಿದರು. ಲಾಂಚು ವಾಲಿತು, ಪ್ಲಾಸ್ಟಿಕ್ ಕುರ್ಚಿಗಳು ಜಾರಿದವು, ಚಾಲಕ ಬಂಗಾಳಿಯಲ್ಲಿ ಬೈಯತೊಡಗಿದ. ಮಗಳು ಆ ಜನರ ಮುಂದೆ, ರೇಲಿಂಗಿಗೆ ಅಂಟಿಕೊಂಡು ನಿಂತಿದ್ದಳು. ನುಗ್ಗಿ ಹೋಗಿ ಅವಳನ್ನು ಎಳೆದು, ಮುಖವನ್ನು ಎದೆಗೆ ಒತ್ತಿ ಹಿಡಿದು ಕಂಬಕ್ಕೆ ಆತುಕೊಂಡೆ. ಅವಳು ಗುದ್ದಿದಳು, "ಬಿಡಪ್ಪಾ, ಬಿಡು" ಎಂದು ಚೀರಿದಳು. ಬಿಡಬೇಕೆಂದು ನನಗೂ ಗೊತ್ತಿತ್ತು, ಕೈ ಬರಲಿಲ್ಲ.

ಅವಳ ತಲೆಯ ಮೇಲಿಂದ ನಾನು ನೋಡಿದೆ. ಹುಲಿ ಕೆಸರಿನಲ್ಲಿ ಒಂದೊಂದೇ ಹೆಜ್ಜೆ ಕಿತ್ತಿಡುತ್ತಾ ನಡೆದು, ನಮ್ಮತ್ತ ಒಮ್ಮೆ ತಿರುಗಿ, ಗಿಡಗಳ ಮರೆಗೆ ಹೋಯಿತು. ಅದಕ್ಕೆ ಯಾವ ಅವಸರವೂ ಇರಲಿಲ್ಲ.

ಲಾಂಚು ನೆಟ್ಟಗಾದ ಮೇಲೆ ಕೈ ಸಡಿಲಿಸಿದೆ. ದಡದಲ್ಲಿ ಹೆಜ್ಜೆಗುರುತುಗಳಷ್ಟೇ ಉಳಿದಿದ್ದವು. ಯಾರೋ ಮೊಬೈಲಿನ ಫೋಟೋ ತೋರಿಸಲು ಬಂದರೆ ಮಗಳು ಮುಖ ತಿರುಗಿಸಿದಳು. ಹೆಂಡತಿ ಜಾರಿದ್ದ ಕುರ್ಚಿಗಳನ್ನು ಎತ್ತಿಡತೊಡಗಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮರಳುವ ಬಸ್ಸಿನಲ್ಲಿ ಮಗಳ ಪಕ್ಕ ಕೂತು, "ತಪ್ಪಾಯ್ತು ಪುಟ್ಟಿ, ಅಪ್ಪಂಗೆ ಭಯ ಆಯ್ತು" ಎಂದೆ.

ಅವಳು ಕಿಟಕಿಯಿಂದ ಈಚೆ ತಿರುಗಿ ಕೇಳಿದಳು, "ನೀನು ನೋಡಿದ್ಯಾ?"

"ಇಲ್ಲ, ನಾನೂ ಕಣ್ಣು ಮುಚ್ಚಿಕೊಂಡಿದ್ದೆ."

ಅವಳ ಮುಖ ಸಡಿಲವಾಯಿತು. ನನ್ನ ತೋಳಿಗೆ ಒರಗಿ, "ಕೋಯಿ ಬಾತ್ ನಹೀ ಅಪ್ಪಾ, ನೆಕ್ಸ್ಟ್ ಟೈಮ್ ಇಬ್ರೂ ಒಟ್ಟಿಗೇ ನೋಡೋಣ" ಎಂದಳು.