ಹೆಸರು ಕೇಳದ ಅಡುಗೆಮನೆ

ದಿಬೋರ್ ಫಾಯ್ ಶನಿವಾರ ಬೆಳಗಿನ ನಮಾಜಿನ ಹೊತ್ತಿಗೆ ತೀರಿಕೊಂಡಳು. ಎದೆನೋವು ಹಳೆಯದು. ಆಸ್ಪತ್ರೆಯವರು ಕೊಟ್ಟ ಗುಳಿಗೆಗಳು ತಲೆದಿಂಬಿನ ಕೆಳಗೆ ಹಾಗೇ ಇದ್ದವು. ಮಧ್ಯಾಹ್ನದೊಳಗೆ ಮಣ್ಣು ಮಾಡಿದರು.

ಗಂಡಸರು ಗೋರಿಯಿಂದ ಹಿಂತಿರುಗುವಾಗ ಅವಳ ಅಂಗಳದ ತುಂಬ ಚಾಪೆ ಹಾಸಿಕೊಂಡು ಹೆಂಗಸರು ಕೂತಿದ್ದರು. ತಿಯಾರೋಯ್‌ನ ಆ ಓಣಿಯಲ್ಲಿ ದಿಬೋರಳ ಕೈಯ ಅನ್ನ ಉಣ್ಣದವರು ಯಾರೂ ಇರಲಿಲ್ಲ. ಅಳು ಇನ್ನೂ ನಿಂತಿರಲಿಲ್ಲ. ಅಷ್ಟರಲ್ಲಿ ಉದ್ದನೆಯ ಬಡಕಲು ಗಂಡಸೊಬ್ಬ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಕೂಗಿದ.

"ಏ ಸೆರೆರ್ ಮುದುಕಿ, ಏಳೇ ಮೇಲೆ! ಕೆಲಸ ಕಂಡ್ರೆ ಸತ್ತಂಗೆ ಬಿದ್ಕೊಳ್ಳೋದು ನಿಮ್ಮ ಕುಲದ ಬುದ್ಧಿ. ಕೊಪ್ಪರಿಗೆ ಉಜ್ಜೋರು ಯಾರು, ನಿಮ್ಮಪ್ಪನಾ?"

ಮೂಲೆಯಲ್ಲಿ ಕೂತಿದ್ದ ಅಜ್ಜಿಯೊಬ್ಬಳು ಮೊದಲು ನಕ್ಕಳು. ಆಮೇಲೆ ಅಳುತ್ತಿದ್ದವರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು. "ಜೋಲಾ ಕಣೇ ಅವನು. ಬೈಯೋ ಹಕ್ಕಿದೆ, ಬೈಲಿ ಬಿಡು," ಎಂದಳು ಅಜ್ಜಿ.

ಸೆರೆರ್ ಕುಲದವರೂ ಜೋಲಾ ಕುಲದವರೂ ಒಂದೇ ದೋಣಿಯಲ್ಲಿ ಹೊರಟ ಅಕ್ಕತಂಗಿಯರ ಮಕ್ಕಳು ಎನ್ನುತ್ತಾರೆ. ಎಲ್ಲಿ ಸಿಕ್ಕರೂ ಒಬ್ಬರನ್ನೊಬ್ಬರು ಆಳು, ಕಳ್ಳ, ಹೊಟ್ಟೆಬಾಕ ಎಂದು ಬೈದುಕೊಳ್ಳಬೇಕು. ಬೈಸಿಕೊಂಡವರು ಸಿಟ್ಟಾಗುವಂತಿಲ್ಲ, ಕೇಳಿದ್ದನ್ನು ಇಲ್ಲ ಎನ್ನುವಂತಿಲ್ಲ. ಸತ್ತವರ ಮನೆಯಲ್ಲಿ ಅಳುವವರನ್ನು ನಗಿಸುವುದೂ ಅವರದೇ ಕೆಲಸ.

ಬಾಗಿಲಲ್ಲಿ ಕೂಗಿದ ಮಲಾಂಗ್ ಬಾಜಿಗೆ ಆ ಕೆಲಸ ಸಿಕ್ಕಿದ್ದು ಅದೇ ವಾರವಷ್ಟೇ. ಅದಕ್ಕೆ ಮುಂಚೆ ಅವನು ಯಾವ ಕುಲದವನೆಂಬುದೇ ದಿಬೋರಳಿಗೆ ತಿಳಿದಿರಲಿಲ್ಲ. ತಿಳಿಯದೇ ಇದ್ದದ್ದು ಅವಳ ಅಡುಗೆಮನೆಯ ಒಳ್ಳೆಯತನದಿಂದ.

ದಿಬೋರ್ ಮದುವೆ, ನಾಮಕರಣಗಳಿಗೆ ಅಡುಗೆ ಮಾಡಲು ಹೋಗುತ್ತಿದ್ದವಳು. ಆಳು ಕೂರುವಷ್ಟು ದೊಡ್ಡ ಕೊಪ್ಪರಿಗೆಗಳು ಅವಳವು. ಮಿಕ್ಕ ಅನ್ನವನ್ನು ಮನೆಗೆ ತಂದು, ಬಸ್ ನಿಲ್ದಾಣದಲ್ಲಿ ಮಲಗುವವರನ್ನು ಕರೆದು ಉಣ್ಣಿಸುತ್ತಿದ್ದಳು. ಪಕ್ಕದ ಮನೆಯ ಸೊಖ್ನಾ ಕೆಬೆ, ನಿವೃತ್ತ ಶಾಲಾ ಶಿಕ್ಷಕಿ, ಇದನ್ನು ನೋಡಿ ಹೊರದೇಶದ ಒಂದು ದತ್ತಿಸಂಸ್ಥೆಗೆ ಬರೆದಳು. ಹಲವು ಸಲ ಬರೆದ ಮೇಲೆ ಅನುದಾನ ಬಂತು. ಅಕ್ಕಿ, ಎಣ್ಣೆ, ಗ್ಯಾಸಿಗೆ ಅದು ಸಾಕಾಗುತ್ತಿತ್ತು. ಮಿಕ್ಕಿದ್ದೆಲ್ಲ ಓಣಿಯವರ ಪಾಲು. ಮೀನು ಮಾರುವ ಹೆಂಗಸರು ಬುಟ್ಟಿಗೊಂದರಂತೆ ಮೀನು ಕೊಟ್ಟು ಹೋಗುತ್ತಿದ್ದರು. ಫುಟ್‌ಬಾಲ್ ತಂಡದ ಹುಡುಗರು ಸರದಿಯ ಮೇಲೆ ಪಾತ್ರೆ ಉಜ್ಜುತ್ತಿದ್ದರು, ಉಜ್ಜುವ ನೆಪದಲ್ಲಿ ತಳದ ಕರಕಲು ಅನ್ನ ಕೆರೆದು ತಿನ್ನುತ್ತಿದ್ದರು. ದಿಬೋರ್ ದಿನವೂ ಮಧ್ಯಾಹ್ನ ಮೀನಿನ ಅನ್ನ ಬೇಯಿಸಿ ಅಗಲವಾದ ಹರಿವಾಣಗಳಲ್ಲಿ ಸುರಿಯುತ್ತಿದ್ದಳು. ಒಂದೊಂದು ಹರಿವಾಣದ ಸುತ್ತ ಐದಾರು ಜನ ಕೂತು ಉಣ್ಣುತ್ತಿದ್ದರು. ನಡುವಿನ ಮೀನನ್ನು ಮುರಿದು ಅವರವರ ಮುಂದೆ ತಳ್ಳುವುದು ಮಾತ್ರ ಅವಳ ಕೈಯಿಂದಲೇ ಆಗಬೇಕು.

ಆ ಅಂಗಳದಲ್ಲಿ ಇದ್ದದ್ದು ಒಂದೇ ನಿಯಮ. ಉಣ್ಣಲು ಬಂದವರ ಮನೆತನದ ಹೆಸರು ಕೇಳಬಾರದು. ಅದು ಸೊಖ್ನಾ ಮಾಡಿದ್ದು. "ಹೆಸರು ಕೇಳಿದ್ರೆ ಊರು ಬರುತ್ತೆ, ಅಪ್ಪ ಬರ್ತಾನೆ, ಅಜ್ಜ ಬರ್ತಾನೆ. ಹಸಿದೋನ ಮಾನ ನಾವು ಮುಚ್ಚಿಡೋಣ," ಎಂದಿದ್ದಳು. ಬೀದಿಯಲ್ಲಿ ಇಬ್ಬರು ಎದುರಾದರೆ ಮೊದಲು ಮನೆತನ ಕೇಳಿ, ಅದೇ ಹೆಸರನ್ನು ನಾಲ್ಕು ಸಲ ಹೇಳಿ ಕುಶಲ ವಿಚಾರಿಸುವ ಜನ ನಾವು. ಆದರೂ ನಿಯಮ ಸರಿಯಾಗೇ ಕಂಡಿತ್ತು. ದಿಬೋರ್ ಎಲ್ಲರನ್ನೂ ಅಣ್ಣ, ಅಕ್ಕ ಎಂದು ನಯವಾಗಿ ಕರೆಯುತ್ತಿದ್ದಳು. ಆ ನಯ ಅವಳ ಬಾಯಿಗೆ ಒಗ್ಗಿದ್ದಲ್ಲ.

ಈ ವರ್ಷ ದತ್ತಿಸಂಸ್ಥೆಯವರು ಐದು ಕೋಣೆಗಳ ಬಾಡಿಗೆಯನ್ನೂ ಕೊಟ್ಟರು. ಮಳೆಗಾಲದಲ್ಲಿ ತಿಯಾರೋಯ್‌ನ ತಗ್ಗಿನಲ್ಲಿ ನೀರು ಮೊಣಕಾಲಿಗೆ ಬರುತ್ತದೆ. ಅಷ್ಟರೊಳಗೆ ಬೀದಿಯಲ್ಲಿ ಮಲಗುವ ಐವರಿಗಾದರೂ ಸೂರು ಸಿಗಲಿ ಎಂದು. ನಾಲ್ಕು ಕೋಣೆಗಳಿಗೆ ಜನ ಬಂದರು. ಐದನೆಯದನ್ನು ದಿಬೋರ್ ಒಬ್ಬನಿಗಾಗಿ ಹಿಡಿದಿಟ್ಟಳು.

ಅವನೇ ಮಲಾಂಗ್. ಎದುರಿಗಿದ್ದ, ಗೋಡೆ ಎದ್ದು ಅರ್ಧಕ್ಕೇ ನಿಂತ ಮನೆಯಲ್ಲಿ ಸಿಮೆಂಟ್ ಚೀಲ ಹಾಸಿಕೊಂಡು ಮಲಗುತ್ತಿದ್ದ. ಮೊದಲು ಬಡಗಿಯಾಗಿದ್ದನಂತೆ. ಹೆಂಡತಿಯ ಕಾಯಿಲೆಗೆ ಗರಗಸ, ಉಳಿ ಎಲ್ಲ ಹೋದವು. ಹೆಂಡತಿಯೂ ಹೋದಳು, ಬಾಡಿಗೆಮನೆಯೂ ಹೋಯಿತು. ಅಂಗಿ ಮಾತ್ರ ದಿನವೂ ಒಗೆದದ್ದು. ಅವನು ಊಟಕ್ಕೆ ಬರುತ್ತಿರಲಿಲ್ಲ. ದಿಬೋರಳೇ ಬಟ್ಟಲಿಗೆ ಬಟ್ಟೆ ಮುಚ್ಚಿ ಕೊಂಡೊಯ್ಯುತ್ತಿದ್ದಳು.

"ಅಣ್ಣಾ, ಒಂಚೂರು ಊಟ ಮಾಡಿ."

"ಹೊಟ್ಟೆ ತುಂಬಿದೆ ಅಮ್ಮಾ. ದೇವರು ನಿಮಗೆ ಒಳ್ಳೇದು ಮಾಡ್ಲಿ."

ದಿನವೂ ಅದೇ ಮಾತು. ದಿನವೂ ಅವನ ಕೊರಳ ಮೂಳೆ ಇನ್ನಷ್ಟು ಎದ್ದು ಕಾಣುತ್ತಿತ್ತು.

"ಬೇಡ ಅನ್ನೋನಿಗೆ ಕೋಣೆ ಕಾಯ್ದಿಟ್ಟು ಏನ್ಮಾಡ್ತೀಯೇ?" ಎಂದಳು ಸೊಖ್ನಾ. "ಕಡಲೆಕಾಯಿ ಮಾರೋ ಆ ಹೆಂಗಸು ಎರಡು ಮಕ್ಕಳನ್ನ ಕಟ್ಕೊಂಡು ಅಂಗಡಿ ಜಗಲಿ ಮೇಲೆ ಮಲಗ್ತಾಳೆ. ಅವಳಿಗೆ ಕೊಡು."

"ಅವಳು ಇವತ್ತಿಂದ ನನ್ನ ಮಂಚದ ಮೇಲೆ ಮಲಗ್ಲಿ. ಚಾಪೆ ನನಗಿರಲಿ."

"ನಿನ್ನ ಎದೆನೋವಿಗೆ ಚಾಪೆ ಬೇರೆ ಕೇಡು!"

"ಅವಳು ಕೇಳೋದಕ್ಕೆ ನಾಚಲ್ಲ ಸೊಖ್ನಾ. ಯಾರಾದ್ರೂ ಕೊಡ್ತಾರೆ. ಅವನು ಕೇಳೋನಲ್ಲ. ಆ ಗೋಡೆ ಮಧ್ಯೆ ನೀರು ನಿಂತ್ರೂ ಹೊಟ್ಟೆ ತುಂಬಿದೆ ಅಂತಾನೇ ಸಾಯ್ತಾನೆ."

ಸೊಖ್ನಾ ಶುಕ್ರವಾರದವರೆಗೆ ಸಮಯ ಕೊಟ್ಟಳು. ಅಷ್ಟರಲ್ಲಿ ಅವನು ಒಪ್ಪದಿದ್ದರೆ ಕೋಣೆ ಕಡಲೆಕಾಯಿಯವಳಿಗೆ. ಆ ಹೆಂಗಸು ಅಂದೇ ಮಕ್ಕಳೊಂದಿಗೆ ದಿಬೋರಳ ಮನೆಗೆ ಬಂದಳು. ಈಗಲೂ ಅಲ್ಲೇ ಇದ್ದಾಳೆ.

ಮಂಗಳವಾರ ದಿಬೋರ್ ಗೋಡೆಯ ಪಕ್ಕ ಈರುಳ್ಳಿ ಹೆಚ್ಚುತ್ತಿದ್ದಳು. ಆಚೆ ಬೀದಿಯಲ್ಲಿ ಕೈಗಾಡಿ ತಳ್ಳಿಕೊಂಡು ಹೋಗುತ್ತಿದ್ದ ಯಾರೋ ಒಬ್ಬ ಮಲಾಂಗನನ್ನು ನೋಡಿ, "ಕಾಸುಮಾಯ್!" ಎಂದ. "ಕಾಸುಮಾಯ್ ಕೆಪ್," ಎಂದ ಮಲಾಂಗ್. ಜೋಲಾ ಜನ ಕ್ಷೇಮ ಕೇಳುವುದು, ಕ್ಷೇಮವೇ ಎಂದು ಹೇಳುವುದು ಹೀಗೇ.

ದಿಬೋರ್ ಚಾಕು ಕೆಳಗಿಟ್ಟಳು. ಜೋಲಾ! ತಿಂಗಳುಗಟ್ಟಲೆ ಕಣ್ಣೆದುರಿಗೇ ಬಿದ್ದುಕೊಂಡಿದ್ದ ಜೋಲಾನನ್ನು ಅವಳು ಅಣ್ಣಾ, ನೀವು, ತಾವು ಎಂದು ಗೌರವದಿಂದ ಮಾತಾಡಿಸಿದ್ದಳು! ಬಟ್ಟಲಿಗೆ ಬಟ್ಟೆ ಮುಚ್ಚಿ, ದನಿ ತಗ್ಗಿಸಿ, ಭಿಕ್ಷುಕನಿಗೆ ಕೊಟ್ಟ ಹಾಗೆ ಕೊಟ್ಟಿದ್ದಳು. ತನ್ನ ಮನೆಗೆ ನುಗ್ಗಿ ಒಲೆಯ ಮೇಲಿನ ಮೀನನ್ನೇ ಕಿತ್ತುಕೊಳ್ಳುವ ಹಕ್ಕಿದ್ದವನಿಗೆ! ಮಾನ ಮುಚ್ಚಲು ಹೋಗಿ ಅವನ ನಂಟನ್ನೇ ಮುಚ್ಚಿಬಿಟ್ಟಿದ್ದರು.

ಬಟ್ಟಲು ಮುಟ್ಟಲಿಲ್ಲ. ಸೌಟು ಹಿಡಿದುಕೊಂಡು ಬೀದಿ ದಾಟಿದಳು.

"ಲೋ! ನಿನ್ನ ಮನೆತನ ಯಾವುದೋ?"

ಅವನು ಬೆಚ್ಚಿ ಎದ್ದು ನಿಂತ. "ಬಾಜಿ, ಅಮ್ಮಾ."

"ಅಮ್ಮ ಅಂತೆ ಅಮ್ಮ! ನಾನು ಫಾಯ್ ಕಣೋ. ಸೆರೆರ್. ನಿನ್ನ ಒಡತಿ. ಓಡಿಹೋದ ಆಳು ಇಲ್ಲಿ ಅವಿತ್ಕೊಂಡಿದ್ದೀಯಾ? ಒಡತಿ ಮನೇಲಿ ಕೊಪ್ಪರಿಗೆ ಹೊರೋರಿಲ್ಲ, ಇವನಿಲ್ಲಿ ದೊರೆ ಹಂಗೆ ಗೋಡೆಗೊರಗಿ ಕೂತವ್ನೆ! ಕಳ್ಳ ಜೋಲಾ!"

ಬೀದಿಯಲ್ಲಿದ್ದವರು ತಿರುಗಿ ನೋಡಿದರು. ಮಲಾಂಗನನ್ನು ಬೈಯುವವರು ಬಹಳ ದಿನದಿಂದ ಯಾರೂ ಇರಲಿಲ್ಲ. ಎಲ್ಲರೂ ಮರುಕಪಟ್ಟವರೇ. ಮೊದಲು ಅವನ ಭುಜ ಅಲುಗಾಡಿತು, ಆಮೇಲೆ ನಗು ಹೊರಗೆ ಬಂತು.

"ಸಜ್ಜೆ ಮುಕ್ಕೋ ಸೆರೆರ್ ಮುದುಕಿ," ಎಂದ. "ನನ್ನ ಅಜ್ಜಿ ಮನೇಲಿ ಕಸ ಗುಡಿಸ್ತಿದ್ದೋರು ನೀವು. ಅಕ್ಕಿ ಕಂಡಿದ್ದೇ ನಮ್ಮಿಂದ. ಅನ್ನ ಮಾಡೋಕೆ ಬರುತ್ತೇನೇ ನಿನಗೆ?"

"ಬಂದು ತಿಂದು ನೋಡೋ!"

ಬಂದ. ಹರಿವಾಣದ ಮುಂದೆ ಕೂತು, ಮೀನಿನ ತಲೆ ನನಗೇ ಬೇಕು ಎಂದು ಜಗಳ ಮಾಡಿ ತಿಂದ. ಉಪ್ಪಿಲ್ಲ ಎಂದ. ಹೊಟ್ಟೆಬಾಕ ಎನಿಸಿಕೊಂಡ. ಸೊಖ್ನಾ ದೂರ ನಿಂತು ನೋಡಿದಳು. ಅವತ್ತು ಸಂಜೆ ತಾನೇ ಮಾಡಿದ ನಿಯಮವನ್ನು ತಾನೇ ತೆಗೆದುಹಾಕಿದಳು. ಹೇಳುವವರು ಹೇಳಲಿ, ಬೇಡವಾದವರು ಸುಮ್ಮನಿರಲಿ ಎಂದು.

ಆದರೆ ಗುರುವಾರ ದಿಬೋರ್ ಕೋಣೆಯ ಬೀಗದಕೈ ಚಾಚಿದಾಗ ಅವನು ಎರಡು ಹೆಜ್ಜೆ ಹಿಂದೆ ಸರಿದ.

"ಬೇಡ."

"ಒಡತಿ ಹೇಳ್ತಿದೀನಿ, ತಗೊಳೋ."

ಅವನು ನಗಲಿಲ್ಲ. ಅವಳು ಮತ್ತೊಂದು ಬೈಗುಳ ಹುಡುಕಿದಳು, ಅದೂ ನಡೆಯಲಿಲ್ಲ. ಅವನು ತನ್ನ ಚೀಲಗಳ ಕಡೆಗೆ ಹೊರಟುಹೋದ. ರಾತ್ರಿಯೆಲ್ಲ ದೂರದಲ್ಲಿ ಮಿಂಚುತ್ತಿತ್ತು.

ಶುಕ್ರವಾರ ನಮಾಜಿನ ನಂತರ ದಿಬೋರ್ ಅರ್ಧ ಕಟ್ಟಿದ ಆ ಮನೆಗೆ ಹೋಗಿ, ಇಟ್ಟಿಗೆ ರಾಶಿಯ ಮೇಲೆ ಕೂತಳು. ಬೀದಿ ದಾಟಿದ್ದಕ್ಕೇ ಉಸಿರು ಮೇಲೆ ಬಂದಿತ್ತು.

"ಬಾಜಿ, ತಮಾಷೆ ಬಿಟ್ಟು ಹೇಳ್ತೀನಿ. ಇವತ್ತು ಸಂಜೆಯೊಳಗೆ ನೀನು ಹೂಂ ಅನ್ನದಿದ್ರೆ ಕೋಣೆ ಬೇರೆಯವರಿಗೆ ಹೋಗುತ್ತೆ. ಅವರಿಗೂ ಬೇಕು, ತಪ್ಪಲ್ಲ. ಆದ್ರೆ ಯಾಕೆ ಬೇಡ ಅಂತ ನನಗಾದ್ರೂ ಹೇಳು. ದುಡ್ಡು ಯಾರದ್ದೋ ಅಂತಲಾ?"

"ದುಡ್ಡಿನ ಮಾತಲ್ಲ. ಕೊಟ್ಟೋರಿಗೆ ದೇವರು ಒಳ್ಳೇದು ಮಾಡ್ಲಿ." ಅವನು ನೆಲ ನೋಡುತ್ತಿದ್ದ. "ಇಲ್ಲಿ ನನ್ನ ಹತ್ರ ಯಾರೂ ಬರಲ್ಲ. ಬಂದ್ರೂ ಕೂರಲ್ಲ, ಇದು ಮನೆಯಲ್ಲ ಅಂತ ಗೊತ್ತು. ಬಾಗಿಲು ಅಂತ ಒಂದಾದ್ರೆ ಜನ ಬಡೀತಾರೆ. ಒಳಗೆ ಬಂದು ಕೂರ್ತಾರೆ. ಅವರ ಮುಂದೆ ಏನಿಡ್ಲಿ? ನನ್ನವಳಿದ್ದಾಗ ನಮ್ಮ ಮನೆಯಿಂದ ಯಾರೂ ಬರೀ ಬಾಯಲ್ಲಿ ಹೋಗಿಲ್ಲ ದಿಬೋರ್. ಬಂದೋರ ಮುಂದೆ ಬರಿಗೈಲಿ ನಿಲ್ಲೋದಕ್ಕಿಂತ ಈ ಚೀಲಾನೇ ವಾಸಿ."

ಅವಳ ಹೆಸರನ್ನು ಅವನು ಹೇಳಿದ್ದು ಅದೇ ಮೊದಲು.

ಕುರ್ಚಿ ಕೊಡ್ತೀನಿ, ಅಕ್ಕಿ ಕೊಡ್ತೀನಿ, ಚಹಾದ ಪಾತ್ರೆ ಕೊಡ್ತೀನಿ ಎಂದು ದಿಬೋರ್ ಅನ್ನಬಹುದಿತ್ತು. ಅನ್ನಲಿಲ್ಲ.

"ನೀರಿರುತ್ತಲ್ಲ?" ಎಂದಳು.

"ಏನು?"

"ಅಂಗಳದಲ್ಲಿ ನಲ್ಲಿ ಇದೆ ಕಣೋ ಅಲ್ಲಿ. ನಾನು ಬರ್ತೀನಿ ಇವತ್ತು, ಮೊದಲ ಅತಿಥಿ. ನೀರು ಕೇಳ್ತೀನಿ. ನಿನ್ನ ಕೈಲಿ ಏನೂ ತರಿಸಲ್ಲ, ನನ್ನ ಕೈಲೂ ಏನೂ ತರಲ್ಲ. ಅತಿಥಿಗೆ ನೀರು ಕೊಡೋದು ಕಲಿತ ಮೇಲೆ ಮಿಕ್ಕಿದ್ದು ನೋಡೋಣ. ಜೋಲಾಗಳಿಗೆ ಅದೂ ಬರುತ್ತೋ ಇಲ್ವೋ."

ಅವನು ಕೈ ಚಾಚಿದ. ಬೀಗದಕೈ ಅವಳ ಸೆರಗಿನ ಗಂಟಿನಲ್ಲೇ ಇತ್ತು, ಬಿಚ್ಚಿ ಕೊಟ್ಟಳು.

ಅವನು ಚೀಲಗಳನ್ನು ಅಲ್ಲೇ ಬಿಟ್ಟು, ಒಗೆದ ಅಂಗಿಯನ್ನೂ ಹೆಂಡತಿಯ ಜಪಮಣಿಯನ್ನೂ ಹಿಡಿದುಕೊಂಡು ಹೋದ. ದಿಬೋರ್ ಮನೆಗೆ ಬಂದು ಮಿಂದು, ಮದುವೆಮನೆಗಳಿಗೆ ಉಡುತ್ತಿದ್ದ ನೀಲಿ ಉಡುಪು ತೊಟ್ಟು, ತಲೆಗೆ ಅದರದೇ ಬಟ್ಟೆ ಸುತ್ತಿಕೊಂಡಳು. "ಯಾರ ಮದುವೆ?" ಎಂದಳು ಸೊಖ್ನಾ. "ಬಾಜಿಯ ಮನೆಗೆ ಹೋಗ್ತಿದೀನಿ," ಎಂದಳು ದಿಬೋರ್, ದೊಡ್ಡವರೊಬ್ಬರ ಮನೆಯ ಮಾತು ಹೇಳುವ ಹಾಗೆ. ಸೊಖ್ನಾ ಜೊತೆಗೆ ಹೊರಟಳು. ದಾರಿಯಲ್ಲಿ ದಿಬೋರ್ ಎರಡು ಕಡೆ ಗೋಡೆ ಹಿಡಿದು ನಿಂತಳು. ವಾಪಸ್ ಹೋಗೋಣ ಎಂದರೆ ಕೇಳಲಿಲ್ಲ.

ಬಾಗಿಲು ಮುಚ್ಚಿತ್ತು. ತಟ್ಟಿದಳು. ಒಳಗಿನಿಂದ ಬರಲು ಅವನು ಸ್ವಲ್ಪ ಹೊತ್ತು ಮಾಡಿದ.

"ಸಲಾಂ ಅಲೈಕುಂ. ಮನೇಲಿ ಯಾರಿದೀರಿ?" ಎಂದು ಕೂಗಿದಳು ದಿಬೋರ್.

"ಬನ್ನಿ, ಒಳಗೆ ಬನ್ನಿ, ಕೂತ್ಕೊಳ್ಳಿ," ಎಂದ ಮಲಾಂಗ್. ಮನೆಯವನ ಮಾತು ಅದು.

ಕೋಣೆಯಲ್ಲಿ ಏನೂ ಇರಲಿಲ್ಲ. ನೆಲ ಒರೆಸಿದ್ದ, ಇನ್ನೂ ಒದ್ದೆಯಿತ್ತು. ಒಣಗಿದ ಕಡೆ ತನ್ನ ಅಂಗಿಯನ್ನು ಮಡಿಸಿ ಹಾಸಿದ್ದ. ದಿಬೋರ್ ಅದರ ಮೇಲೆ ಕೂತಳು, ಸೊಖ್ನಾ ಹೊಸ್ತಿಲ ಮೇಲೆ. ಅವನು ಯಾರಿಂದಲೋ ತಂದ ಸೀಸೆಯ ಲೋಟವನ್ನು ನಲ್ಲಿಯಲ್ಲಿ ಮೂರು ಸಲ ತೊಳೆದು, ತುಂಬಿಕೊಂಡು ಬಂದು, ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ಬಾಗಿದ.

ಅವಳು ನಿಧಾನವಾಗಿ, ಒಂದು ಹನಿ ಬಿಡದೆ ಕುಡಿದಳು. ಬಾಯಿ ಒರೆಸಿಕೊಂಡು ಮುಖ ಕಿವುಚಿದಳು.

"ಥೂ, ಉಪ್ಪು. ನೀರು ಕೊಡೋದಕ್ಕೂ ಬರಲ್ವಲ್ಲೋ ನಿಮಗೆ," ಎಂದು, ಮತ್ತೆ ತುಂಬಿ ತರಲು ಲೋಟ ಚಾಚಿದಳು.